ತಾಳದ ಕೆಳಗಿನ ಟಿಕ್ ಸದ್ದು

೧೯೯೯ನೇ ಇಸವಿ ಮೇ ೨೩, ಭಾನುವಾರ. ಆಧಾರ: ನನ್ನ ಆ ವರ್ಷದ ದಿನಚರಿ. ತಾಳೆ ನೋಡಿದ್ದು: ಪ್ರಮಾಥಿ ಸಂವತ್ಸರದ ಪಂಚಾಂಗ. ಪಂಚಾಂಗದ ಪ್ರಕಾರ ಅಂದು ಅಧಿಕ ಜ್ಯೇಷ್ಠ ಶುಕ್ಲ ನವಮಿ. ಈ ವಿವರವನ್ನು ಮೊದಲಿಗೇ ಬರೆಯುವುದಕ್ಕೆ ಕಾರಣವಿದೆ. ಅಧಿಕ ಮಾಸದಲ್ಲಿ ನಮ್ಮ ಕಡೆ ಮದುವೆಗಳು ನಡೆಯುವುದಿಲ್ಲ. ಮದುವೆಗಳಿಲ್ಲದಿದ್ದರೆ ಮೈಕ್‌ಸೆಟ್ಟಿನವರಿಗೆ ಕೆಲಸವಿಲ್ಲ. ಮಾಲೂರಿನಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ ನನ್ನ ತಮ್ಮನ ಸ್ಪೀಕರ್ ಪೆಟ್ಟಿಗೆಗಳೆಲ್ಲ ಆ ತಿಂಗಳು ಖಾಲಿ ಬಿದ್ದಿದ್ದವು. ಹಾಗಾಗಿಯೇ ಅವು ಆ ಭಾನುವಾರ ಮಧ್ಯಾಹ್ನ ಊರ ಹೊರಗಿನ ಮುಚ್ಚಿದ ಹೆಂಚಿನ ಕಾರ್ಖಾನೆಯೊಂದರ ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದವು. ನನ್ನ ದಿನಚರಿಯಲ್ಲಿ ಆ ದಿನಕ್ಕೆ ಮೂರೇ ಪದಗಳಿವೆ: 'ಮಾಲೂರು. ಶೆಡ್ಡು. ಕೇಳಿಸಲಿಲ್ಲ.'

ಕೇಳಿಸದೆ ಹೋದದ್ದು ಏನೆಂಬುದನ್ನು ಹೇಳಬೇಕು. ಬಾಲ್ಯದಲ್ಲಿ ಬಂದ ಕೀಲುಜ್ವರವೊಂದು ನನ್ನ ತಮ್ಮನ ಹೃದಯದ ಕವಾಟವನ್ನು ಕೆಡಿಸಿ ಹೋಗಿತ್ತು. ೧೯೯೮ರ ಸೆಪ್ಟೆಂಬರಿನಲ್ಲಿ, ಅವನಿಗೆ ಮೂವತ್ತೊಂದು ವರ್ಷವಾಗಿದ್ದಾಗ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅದನ್ನು ತೆಗೆದು ಲೋಹದ ಕವಾಟ ಕೂರಿಸಿದರು. (ಬಿಡುಗಡೆ ಪತ್ರ ನನ್ನ ಬಳಿ ಇದೆ, ತಿಂಗಳಿನ ವಿಷಯದಲ್ಲಿ ಸಂಶಯವಿಲ್ಲ.) ಲೋಹದ ಕವಾಟ ಮುಚ್ಚಿಕೊಳ್ಳುವಾಗಲೆಲ್ಲ ಸಣ್ಣದೊಂದು ಸದ್ದು ಮಾಡುತ್ತದೆ. ನಿಶ್ಶಬ್ದವಾದ ಕೋಣೆಯಲ್ಲಿ ಪಕ್ಕದವರಿಗೂ ಅದು ಕೇಳಿಸುತ್ತದೆ. ಕೈಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿಟ್ಟಂತೆ: ಟಿಕ್, ಟಿಕ್. ಮನೆಗೆ ಕಳಿಸುವಾಗ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟು: "ಸದ್ದು ಚುರುಕಾಗಿ ಇರೋವರೆಗೆ ಹೆದರಬೇಡಿ. ಸದ್ದು ಮಂಕಾದರೆ ಒಂದು ಗಂಟೆ ಕೂಡ ಕಾಯಬೇಡಿ. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದೆ ಅಂತ ಅರ್ಥ."

ಅಂದಿನಿಂದ ನನ್ನ ಕಿವಿ ನನ್ನದಾಗಿ ಉಳಿಯಲಿಲ್ಲ.

ನಾನು ಕೋಲಾರದಲ್ಲಿ ರೇಷ್ಮೆಹುಳುವಿನ ರೋಗಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದವಳು. ಕೇಳಿ ತಿಳಿಯುವುದು ನನ್ನ ವೃತ್ತಿಯ ಒಂದು ಭಾಗವೇ ಆಗಿತ್ತು. ಬೆಳೆದ ಹುಳುಗಳು ಸೊಪ್ಪು ಮೇಯುವಾಗ ಹುಳುಮನೆಯಲ್ಲಿ ತುಂತುರು ಮಳೆಯ ಸದ್ದಿರುತ್ತದೆ. ಅದು ತಗ್ಗಿದರೆ ಬಾಗಿಲಲ್ಲೇ ಗೊತ್ತಾಗುತ್ತದೆ. ಆದರೆ ಹುಳುಗಳು ಪೊರೆ ಬಿಡಲು ಕುಳಿತಾಗ, ನಮ್ಮ ರೈತರು ಹೇಳುವಂತೆ 'ಜ್ವರಕ್ಕೆ ಕೂತಾಗ', ಮೇಯುವುದನ್ನು ಪೂರ್ತಿ ನಿಲ್ಲಿಸಿಬಿಡುತ್ತವೆ. ಆ ಮೌನಕ್ಕೆ ಹೊಸಬರು ಹೆದರುತ್ತಾರೆ, ನಾವು ಹೆದರುವುದಿಲ್ಲ. ತಮ್ಮನ ವಿಷಯದಲ್ಲಿ ನಾನು ಹೊಸಬಳಾಗಿದ್ದೆ. ಬೆಳಗಿನ ಕಾಫಿಯ ಹೊತ್ತಿಗೆ ಕನ್ನಡಕ ಹುಡುಕುವ ನೆಪದಲ್ಲಿ ಅವನ ಕುರ್ಚಿಯ ಬೆನ್ನಿಗೆ ಬಾಗುತ್ತಿದ್ದೆ.

"ಕೇಳ್ತಾ ಇದೆಯಾ?" ಎನ್ನುತ್ತಿದ್ದ, ಪತ್ರಿಕೆಯಿಂದ ತಲೆಯೆತ್ತದೆ.

"ಏನು?"

"ಕನ್ನಡಕ ಮೂಗಿನ ಮೇಲಿದೆ ಕಣಕ್ಕ."

ಮನೆಯಲ್ಲಿದ್ದ ಮೂರನೆಯವರು ನಮ್ಮ ಸೋದರತ್ತೆ. ಶಸ್ತ್ರಚಿಕಿತ್ಸೆಯ ನಂತರ ಅವನನ್ನು ನೋಡಿಕೊಳ್ಳಲೆಂದು ಮುಳಬಾಗಿಲಿನಿಂದ ಬಂದವರು ನಮ್ಮಲ್ಲೇ ಉಳಿದಿದ್ದರು. ಬಂದ ಮೊದಲ ವಾರ ಅವರು ಆ ಸದ್ದನ್ನು ಹಲ್ಲಿಯದೆಂದೇ ತಿಳಿದರು. ಹಲ್ಲಿ ಲೊಚಗುಟ್ಟಿದರೆ ನೆಲಕ್ಕೆ ಬೆರಳಿನಿಂದ ಮೂರು ಸಲ ತಟ್ಟಿ 'ಕೃಷ್ಣ ಕೃಷ್ಣ' ಎನ್ನುವುದು ಅವರ ರೂಢಿ. ಲೋಹದ ಹಲ್ಲಿ ನಿಮಿಷಕ್ಕೆ ಎಪ್ಪತ್ತು ಸಲ ಲೊಚಗುಟ್ಟುತ್ತಿತ್ತು. ಅತ್ತೆಗೆ ಊಟ ಮಾಡುವುದಕ್ಕೂ ಬಿಡುವಿಲ್ಲದಂತಾಯಿತು.

"ಏನೇ ಇದು, ನಿಮ್ಮನೆ ಹಲ್ಲಿಗೆ ಒಂದು ಗಳಿಗೆ ಪುರುಸೊತ್ತಿಲ್ವಲ್ಲ!"

ನಾನು ವಿಷಯ ತಿಳಿಸಿದೆ. ಅವರು ಮತ್ತೆ ನೆಲ ತಟ್ಟಿದರು. "ಎದೆಯೊಳಗೆ ಕೂತು ನುಡಿದ್ರೆ ಮಾತ್ರ ಬಿಟ್ಟುಬಿಡಕ್ಕಾಗತ್ತಾ?"

ತಮ್ಮ ನಕ್ಕ. "ಒಳ್ಳೇದೇ ಆಯ್ತು ಬಿಡಿ ಅತ್ತೆ. ಮಾತಾಡುವಾಗ ಹಲ್ಲಿ ನುಡಿದ್ರೆ ಆ ಮಾತು ನಿಜ ಅಂತೀರಲ್ಲ. ಇನ್ಮೇಲೆ ನಾನು ಹೇಳೋದೆಲ್ಲ ನಿಜ."

ನಗುತ್ತಿದ್ದನೇ ಹೊರತು ಆ ಸದ್ದನ್ನು ಅವನು ಸಹಿಸುತ್ತಿರಲಿಲ್ಲ. ನಾನು ಕೇಳಲು ಹವಣಿಸಿದಷ್ಟೂ ಅವನು ಅದನ್ನು ಮುಚ್ಚಲು ಹವಣಿಸುತ್ತಿದ್ದ. ಮುಚ್ಚುವುದಕ್ಕೆ ಅವನು ಆರಿಸಿಕೊಂಡದ್ದು ಷಿಕಾಗೊ ನಗರದ ಸಂಗೀತ.

ಇದು ಅವನಿಗೆ ಹೇಗೆ ಸಿಕ್ಕಿತೆಂಬುದಕ್ಕೆ ಅವನ ಮಾತನ್ನು ಬಿಟ್ಟರೆ ಬೇರೆ ದಾಖಲೆಯಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಅವನು ಬೆಂಗಳೂರಿನ ಒಂದು ಕ್ಯಾಸೆಟ್ ನಕಲು ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಯಾರೋ ಗಿರಾಕಿ ಒಂದು ಕ್ಯಾಸೆಟ್ಟನ್ನೂ, ಅದರ ಜೊತೆಗೆ ಇಂಗ್ಲಿಷ್ ಪತ್ರಿಕೆಯೊಂದರ ಲೇಖನದ ಜೆರಾಕ್ಸ್ ಪ್ರತಿಯನ್ನೂ ಬಿಟ್ಟು ಹೋದರಂತೆ. ಕ್ಯಾಸೆಟ್ಟಿನ ಮೇಲೆ ಹೆಸರಿರಲಿಲ್ಲ. ಅದರಲ್ಲಿದ್ದ ತಾಳ ಒಂದೇ ಬಗೆಯದು: ಸಮನಾದ ನಾಲ್ಕು ಪೆಟ್ಟು, ಮತ್ತೆ ನಾಲ್ಕು, ಮತ್ತೆ ನಾಲ್ಕು. ಹಾಡು ಮುಗಿಯಿತೆನ್ನುವಾಗ ಅದರ ಹೊಟ್ಟೆಯಿಂದಲೇ ಇನ್ನೊಂದು ಹಾಡು ಏಳುತ್ತಿತ್ತು.

"ಪಲ್ಲವಿ ಎಲ್ಲಿ, ಚರಣ ಎಲ್ಲಿ ಅಂತ ಹುಡುಕ್ಬೇಡಕ್ಕ. ಇದು ನಿಲ್ಲಲ್ಲ. ಅಷ್ಟೇ ಇದರ ಗುಟ್ಟು," ಎಂದಿದ್ದ.

ಲೇಖನದಲ್ಲಿದ್ದ, ಈ ಬಗೆಯ ಹಾಡು ಕಟ್ಟಿದ ಷಿಕಾಗೊದ ನಿರ್ಮಾಪಕನೊಬ್ಬನ ಕಥೆಯನ್ನು ಅವನು ಮನೆತನದ ಹಿರಿಯರ ಕಥೆಯಂತೆ ಹೇಳುತ್ತಿದ್ದ. ಆ ಮನುಷ್ಯ ಹಳೆಯ ಉಗ್ರಾಣದಂಥ ಕಟ್ಟಡವೊಂದರಲ್ಲಿ, ಬೇರೆಡೆ ಸ್ವಾಗತವಿಲ್ಲದ ಜನ ಕುಣಿಯಲು ಸೇರುತ್ತಿದ್ದಲ್ಲಿ, ಗ್ರಾಮಫೋನ್ ತಟ್ಟೆಗಳನ್ನು ಹಾಕುತ್ತಿದ್ದ. ಕುಣಿಯುವವರಿಗೆ ಇಷ್ಟವಾದ ಭಾಗ ಬೇಗ ಮುಗಿದುಹೋಗುತ್ತದೆಂದು ಅವನು ಅದನ್ನು ದೊಡ್ಡ ಟೇಪಿಗೆ ಇಳಿಸಿಕೊಂಡು, ಬ್ಲೇಡಿನಿಂದ ಕತ್ತರಿಸಿ, ತುಂಡಿಗೆ ತುಂಡು ಅಂಟಿಸಿ ಉದ್ದ ಮಾಡಿದ. ಅದೂ ಸಾಲದೆ ತಾಳದ ಯಂತ್ರವೊಂದನ್ನು ತಂದು ಹಳೆಯ ಹಾಡುಗಳ ಕೆಳಗೆ ಅದರ ಪೆಟ್ಟನ್ನು ಹೂಡಿದ. ಆ ಊರಿನ ಕಿರಿಯರು ಇದನ್ನು ಕೇಳಿ, ಹಾಡು ಕಟ್ಟಲು ವಾದ್ಯಗೋಷ್ಠಿಯೇ ಬೇಕಿಲ್ಲ, ಒಂದು ಕೋಣೆ ಮತ್ತು ಒಂದು ಯಂತ್ರ ಸಾಕೆಂದು ತಿಳಿದರು. ಹೌಸ್ ಎಂದು ಕರೆಯುವ ಸಂಗೀತ ಹುಟ್ಟಿದ್ದು ಹೀಗೆ.

ನಾನು ಆಗ ಇದನ್ನು ನಂಬಲಿಲ್ಲ. ೨೦೦೧ರಲ್ಲಿ ಕೋಲಾರಕ್ಕೆ ಬ್ರೌಸಿಂಗ್ ಸೆಂಟರ್ ಬಂದ ಮೇಲೆ ಮೂರು ನಾಲ್ಕು ಶನಿವಾರ ಕುಳಿತು ತಾಳೆ ನೋಡಿದೆ. ತಮ್ಮ ಹೇಳಿದ್ದರಲ್ಲಿ ಹೆಚ್ಚಿನದು ಸರಿಯಾಗಿತ್ತು. ಒಂದು ತೊಡಕು ಮಾತ್ರ ನನ್ನನ್ನು ಬಹಳ ಕಾಲ ಕಾಡಿತು. ಈ ಬಗೆಯ ಮೊದಲ ತಟ್ಟೆ ೧೯೮೪ರದೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಆದರೆ ಎಷ್ಟೋ ಹಾಡುಗಳು ಅಚ್ಚಾಗುವುದಕ್ಕೆ ಎಷ್ಟೋ ಮೊದಲು ಕೈಯಿಂದ ಕೈಗೆ ಟೇಪಿನಲ್ಲಿ ಓಡಾಡಿ, ಜನ ಅವಕ್ಕೆ ಕುಣಿದಾಗಿತ್ತು. ಅಂದರೆ ತಟ್ಟೆಯ ಮೇಲಿನ ಇಸವಿ ಹಾಡಿನ ಇಸವಿಯಲ್ಲ. ಆ ನಿರ್ಮಾಪಕನ ಪ್ರಭಾವ ಇರುವುದು ಹೆಚ್ಚಾಗಿ ಮುದ್ರಿತ ದಾಖಲೆ ಇಲ್ಲದ ಆ ವರ್ಷಗಳಲ್ಲಿ. ಅದಕ್ಕೆ ಸಾಕ್ಷಿ ಅಲ್ಲಿ ಕುಣಿದವರ ನೆನಪು ಮಾತ್ರ. ನೆನಪನ್ನು ಆಧಾರವೆಂದು ಬರೆದುಕೊಳ್ಳಬೇಕಾಗಿ ಬಂದಾಗ ನನ್ನ ಕೈ ಹಿಂಜರಿಯಿತು.

ಮತ್ತೆ ೧೯೯೯ಕ್ಕೆ. ಚೇತರಿಸಿಕೊಂಡ ಮೇಲೆ ತಮ್ಮ ವಾರದ ದಿನಗಳಲ್ಲಿ ಮಾಲೂರಿನಲ್ಲಿದ್ದು, ಶನಿವಾರ ಕೋಲಾರಕ್ಕೆ ಬರುತ್ತಿದ್ದ. ಬರುವಾಗ ಕತ್ತರಿಸಿದ ಟೇಪಿನ ತುಂಡುಗಳನ್ನು ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ತರುತ್ತಿದ್ದ. ಊಟದ ಮೇಜಿನ ಮೇಲೆ ಅವನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು ಅಂಟಿಸುತ್ತಿದ್ದ. ತಾಳದ ಯಂತ್ರ ಅವನಲ್ಲಿರಲಿಲ್ಲ. ಅತ್ತೆ ನೆಲ ತಟ್ಟುವ ಜಾಗದಲ್ಲಿ ಒಂದು ದಿನ ಸದ್ದಿಲ್ಲದೆ ಮೈಕು ಇಟ್ಟು ಆ ಮೂರು ತಟ್ಟನ್ನು ಹಿಡಿದುಕೊಂಡ. ನಾಲ್ಕನೆಯದನ್ನು ತಾನೇ ತಟ್ಟಿ ಸೇರಿಸಿದ.

ಶಸ್ತ್ರಚಿಕಿತ್ಸೆಯ ನಂತರ ಅವನಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪೂರ್ತಿ ಬರೆದುಕೊಟ್ಟಿದ್ದರು. ಜೊತೆಗೆ ಆಹಾರದ ಬಗ್ಗೆ ಇಂಗ್ಲಿಷಿನ ಒಂದು ಹಾಳೆ. ಅದನ್ನು ನಾನೇ ಓದಿದೆ. ಎಚ್ಚರ ವಹಿಸಬೇಕಾದ ತರಕಾರಿಗಳೆಂದು ಅದರಲ್ಲಿ ಎಲೆಕೋಸಿನ ಜಾತಿಯವೂ ನಾನು ಕಂಡಿರದ ಕೆಲವು ವಿದೇಶದ ಸೊಪ್ಪುಗಳೂ ಇದ್ದವು. ಅವು ನಮ್ಮ ಮನೆಗೆ ಬರುತ್ತಿರಲಿಲ್ಲ. ಹಾಳೆಯ ಅಂಚಿನಲ್ಲಿ 'ನಮಗೆ ಅನ್ವಯಿಸುವುದಿಲ್ಲ' ಎಂದು ಬರೆದು ಕಡತಕ್ಕೆ ಸೇರಿಸಿದೆ. ಆ ಅಕ್ಷರ ನನ್ನದೇ.

ಆ ಬೇಸಿಗೆಯಲ್ಲಿ ಬೇಗ ಮಳೆ ಬಿದ್ದಿತ್ತು. ನಾನು ಶ್ರೀನಿವಾಸಪುರ ತಾಲ್ಲೂಕಿನ ಹುಳುಮನೆಗಳಿಗೆ ಹೋದಾಗಲೆಲ್ಲ, ಹೊಲದ ಬದುಗಳಲ್ಲಿ ಚಿಗುರಿದ್ದ ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನ್ನೆಯನ್ನು ರೈತರ ಮನೆಯ ಹೆಂಗಸರು ಕಿತ್ತು ಚೀಲ ತುಂಬಿಸಿ ಕೊಡುತ್ತಿದ್ದರು. ಬೆರಕೆಸೊಪ್ಪಿನ ಸಾರು, ರಾಗಿಮುದ್ದೆ. ಅತ್ತೆಗೆ ಅದಕ್ಕಿಂತ ದೊಡ್ಡ ಔಷಧಿಯಿರಲಿಲ್ಲ.

"ರಕ್ತ ಊರುತ್ತೆ ಕಣೋ, ತಿನ್ನು. ಆ ಡಾಕ್ಟ್ರು ಎಲ್ಲಾ ರಕ್ತ ಬಸಿದಿದಾನೆ."

ಮಾಲೂರಿಗೆ ಹೋಗುವಾಗಲೂ ಬೇಯಿಸಿದ ಸೊಪ್ಪನ್ನು ಡಬ್ಬಿಗೆ ತುಂಬಿ, ವಾರಕ್ಕಾಗುವಷ್ಟು ಹಸಿ ಸೊಪ್ಪನ್ನೂ ಕಟ್ಟಿ ಕಳಿಸುತ್ತಿದ್ದರು. ಅವನು ಒಲ್ಲೆನೆನ್ನದೆ ತಿನ್ನುತ್ತಿದ್ದ. ಕಿತ್ತು ತರುತ್ತಿದ್ದವಳು ನಾನು.

ಮೇ ತಿಂಗಳ ಮೂರನೆಯ ವಾರ ಅವನು ಕೋಲಾರಕ್ಕೆ ಬರಲಿಲ್ಲ. ಅಂಗಡಿಯ ದೂರವಾಣಿಯಿಂದ ಕರೆ ಮಾಡಿದ. ನಲವತ್ತು ನಿಮಿಷದ ಟೇಪು ಮುಗಿದಿದೆ, ಭಾನುವಾರ ಶೆಡ್ಡಿನಲ್ಲಿ ಹಾಕುತ್ತೇನೆ, ಬಾ ಎಂದ. ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದ. ಕೇಳಿದ್ದಕ್ಕೆ, ಪೆಟ್ಟಿಗೆ ಹೊತ್ತಿದ್ದೆ ಎಂದ. ಆ ರಿಸೀವರಿನಲ್ಲಿ ಟಿಕ್ ಸದ್ದು ಕೇಳಿಸುವುದು ಸಾಧ್ಯವಿರಲಿಲ್ಲ. ಆದರೂ ನಾನು ಕಿವಿಗೆ ಒತ್ತಿ ಹಿಡಿದುಕೊಂಡೇ ಇದ್ದೆ.

ಭಾನುವಾರ ಬೆಳಿಗ್ಗೆಯ ಬಸ್ಸಿನಲ್ಲಿ ಹೊರಟೆ. ಅತ್ತೆ ಕೊಟ್ಟ ಡಬ್ಬಿ ತೊಡೆಯ ಮೇಲಿತ್ತು. ಶೆಡ್ಡಿನ ಬಾಗಿಲಲ್ಲಿ ಸಿಕ್ಕಿದ್ದು ತಮ್ಮನ ಅಂಗಡಿಯ ಪಾಲುದಾರ. ನಂಗಲಿಯವನು, ಹಿಂದೆ ಲಾರಿ ಓಡಿಸುತ್ತಿದ್ದವನು, ಮನೆಮಾತು ತೆಲುಗು. ವೈರು, ಫ್ಯೂಸು, ಪೆಟ್ಟಿಗೆಗಳ ಜೋಡಣೆ ಅವನದು.

"ರಾ ಅಕ್ಕಾ, ಬನ್ನಿ. ಇವತ್ತು ಹೆಂಚೆಲ್ಲ ಎಗ್ರೋಗುತ್ತೆ ನೋಡಿ."

"ಅವನು ಹೇಗಿದಾನೆ?"

"ಏಂ ಕಾದು ಅಕ್ಕಾ, ಏನೂ ಆಗಲ್ಲ. ಸ್ವಲ್ಪ ಸುಸ್ತು ಅಂದ. ನಿನ್ನೆ ನಾಕು ಮೆಟ್ಲು ಹತ್ತಕ್ಕೆ ಎರಡು ಸಲ ನಿಂತ. ಬಿಸಿಲಲ್ವಾ?"

ನಾನು ಅವನನ್ನು ದಾಟಿ ನಡೆದೆ. ಒಳಗೆ ತಮ್ಮ ಟೇಪ್ ಡೆಕ್ಕಿನ ಹಿಂದೆ ಕುಳಿತಿದ್ದ. ಮುಖ ಬೂದಿಬಣ್ಣವಾಗಿತ್ತು. ಹತ್ತಿರ ಹೋಗಿ ಮೊದಲು ಅವನ ಎದೆ ಕೇಳಬೇಕೆಂದು ನಾನು ಹೆಜ್ಜೆಯಿಡುವಷ್ಟರಲ್ಲಿ ಅವನು ಗುಂಡಿ ಒತ್ತಿದ.

ಪಕ್ಕದ ಇಟ್ಟಿಗೆ ಗೂಡುಗಳ ಕೆಲಸದವರು, ಭಾನುವಾರದ ರಜೆಯಲ್ಲಿದ್ದವರು, ಇಪ್ಪತ್ತು ಮೂವತ್ತು ಮಂದಿ ಬಂದು ನಿಂತಿದ್ದರು. ಮೊದಲು ಬರೀ ತಾಳ ಬಂದಿತು. ನೆಲದಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಎದೆಗೂಡಿಗೆ. ಛಾವಣಿಯ ಸಡಿಲ ಹೆಂಚುಗಳು ಅದರ ಜೊತೆ ನಡುಗಿದವು. ನಂತರ ಅತ್ತೆಯ ಬೆರಳು, ಮನೆಯಷ್ಟು ದೊಡ್ಡದಾಗಿ: ಮೂರು, ಮತ್ತೆ ಒಂದು. ಗೂಡಿನ ಹೆಂಗಸೊಬ್ಬಳು ಕುತ್ತಿಗೆ ಆಡಿಸತೊಡಗಿದಳು. ಅವಳನ್ನು ನೋಡಿ ಇನ್ನೊಬ್ಬಳು ನಕ್ಕು, ತಾನೂ ಹೆಜ್ಜೆ ಹಾಕಿದಳು. ಹತ್ತು ನಿಮಿಷದಲ್ಲಿ ಅರ್ಧ ಶೆಡ್ಡು ಕುಣಿಯುತ್ತಿತ್ತು. ಯಾವ ಹಾಡಿಗೆ ಎಂದು ಯಾರೂ ಕೇಳಲಿಲ್ಲ. ಷಿಕಾಗೊದ ಆ ಮನುಷ್ಯ ಬ್ಲೇಡು ಹಿಡಿದು ಕಂಡುಕೊಂಡದ್ದು ಇದನ್ನೇ ಇರಬೇಕು. ಬಿಡುವು ಕೊಡದಿದ್ದರೆ ಜನ ತಮ್ಮ ಸಂಕೋಚಕ್ಕೆ ಹಿಂದಿರುಗುವುದಿಲ್ಲ.

ನನಗೆ ಬೇಕಾಗಿದ್ದದ್ದು ಅವನು ಇಲ್ಲವಾಗಿಸಿದ್ದ ಆ ಬಿಡುವೇ. ನಾನು ಡೆಕ್ಕಿನ ಪಕ್ಕದಲ್ಲಿ, ತಮ್ಮನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದೆ. ಅವನ ಎದೆ ನಿಂತಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಕುತ್ತಿಗೆಯ ನರ ನೋಡಿದೆ. ಅದೂ ತಾಳಕ್ಕೇ ಬಡಿಯುವಂತೆ ಕಂಡಿತು. ನನ್ನ ಕಣ್ಣೇ ಬಡಿಯುತ್ತಿತ್ತೋ ಏನೋ. "ನಿಲ್ಲಿಸು" ಎಂದು ಕೂಗಿದೆ. ಅವನು ನನ್ನ ತುಟಿ ನೋಡಿ ಮುಗುಳ್ನಕ್ಕು ತಲೆಯಾಡಿಸಿದ. ಅವನ ಬೆರಳ ತುದಿಗಳು ನೀಲಿಯಾಗಿದ್ದವು. ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೆ ಅಪ್ಪಿ ಹಿಡಿದು ನಾನು ಒಂದರಿಂದ ಎಣಿಸತೊಡಗಿದೆ. ಏನನ್ನು ಎಣಿಸುತ್ತಿದ್ದೆನೋ ಗೊತ್ತಿಲ್ಲ.

ಆಗ ಕರೆಂಟು ಹೋಯಿತು.

ತಾಳ ಮುರಿದು ಬಿತ್ತು. ಕುಣಿಯುತ್ತಿದ್ದವರ ಒಂದೆರಡು ಹೆಜ್ಜೆ ಹೆಚ್ಚಿಗೆ ಬಿದ್ದು ನಿಂತವು. ಯಾರೋ "ಥೂ, ಹಾಳಾದ್ ಕರೆಂಟು" ಎಂದರು. ಆಮೇಲೆ ಶೆಡ್ಡು ಪೂರ್ತಿ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ, ಒಂದು ಮೊಳದ ದೂರದಲ್ಲಿ, ಎಂಟು ತಿಂಗಳಿಂದ ಕೇಳುತ್ತ ಬಂದ ಸದ್ದು ಇರಲಿಲ್ಲ.

ಡಬ್ಬಿ ಕೈಜಾರಿತು. ಅಷ್ಟು ಜನರ ಎದುರು ನಾನು ಮಂಡಿಯೂರಿ ತಮ್ಮನ ಅಂಗಿ ಎಳೆದು ಎದೆಗೆ ಕಿವಿಯಿಟ್ಟೆ. ಇತ್ತು. ಆದರೆ ಟಿಕ್ ಎನ್ನುತ್ತಿರಲಿಲ್ಲ. ಹಸಿ ಮಣ್ಣಿನ ಮೇಲೆ ಬೆರಳು ಬಿದ್ದಂತೆ, ಮೊದ್ದಾಗಿ, ಒಂದು ಬಿಟ್ಟು ಒಂದು ಕೇಳಿಸುತ್ತಿತ್ತು.

"ಅಕ್ಕ," ಎಂದ ಅವನು ನನ್ನ ತಲೆಯ ಮೇಲಿನಿಂದ, ಬಹಳ ಮೆಲ್ಲಗೆ. "ಮಂಕಾಗಿದೆಯಲ್ವಾ?"

ಪಾಲುದಾರ ಬಾಡಿಗೆ ಕಾರು ತಂದ. ಬೆಂಗಳೂರಿನವರೆಗೆ ನಾನು ತಮ್ಮನ ಎದೆಯಿಂದ ಕಿವಿ ತೆಗೆಯಲಿಲ್ಲ. ರಸ್ತೆಯ ಸದ್ದಿನಲ್ಲಿ ಏನೂ ಕೇಳಿಸದಿದ್ದರೂ ತೆಗೆಯಲಿಲ್ಲ. ಕವಾಟದ ಅಂಚಿನಲ್ಲಿ ರಕ್ತ ಹೆಪ್ಪುಗಟ್ಟತೊಡಗಿತ್ತು. ನರದ ಮೂಲಕ ಔಷಧಿ ಹರಿಸಿ ಅದನ್ನು ಕರಗಿಸಿದರು. ಮರುದಿನ ವೈದ್ಯರು ಮಾತ್ರೆ ತಪ್ಪಿಸಿದ್ದನೇ ಎಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ಊಟಕ್ಕೆ ಏನು ಎಂದು ಕೇಳಿದರು. ನಾನು ಹೇಳತೊಡಗಿದೆ. ಸೊಪ್ಪುಗಳ ಹೆಸರು ಒಂದೊಂದಾಗಿ ಬಾಯಿಂದ ಬರುತ್ತಿದ್ದಂತೆ ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ದಿನಾನೂ?"

"ದಿನಾನೂ."

"ಎಲ್ಲಾ ಹಸಿರು ಸೊಪ್ಪೂ ಒಂದೇ ಮೇಡಂ. ಮಾತ್ರೆ ಮಾಡಿದ್ದನ್ನ ಸೊಪ್ಪು ಅಳಿಸಿಹಾಕಿದೆ. ನಿಮಗೆ ಹಾಳೆ ಕೊಟ್ಟಿದ್ವಲ್ಲ?"

ಅತ್ತೆಗೆ ಇದನ್ನು ನಾನು ಕೊನೆಯವರೆಗೂ ಹೇಳಲಿಲ್ಲ. ಸೊಪ್ಪು ಈಗ ಅವನಿಗೆ ಜೀರ್ಣವಾಗುವುದಿಲ್ಲ ಎಂದಷ್ಟೇ ಹೇಳಿದೆ.

ತಮ್ಮ ಬದುಕಿದ್ದಾನೆ. ಆ ಟೇಪನ್ನು ಮತ್ತೆ ಹಾಕಲಿಲ್ಲ. ಆದರೆ ಆಮೇಲಿನ ಮದುವೆಗಳ ಮೆರವಣಿಗೆಯಲ್ಲಿ, ಒಂದು ಹಾಡು ಮುಗಿದು ಇನ್ನೊಂದು ಹಿಡಿಯುವಾಗ ಅವನು ಎಣಿಸಿದಂತೆ ಒಂದು ಚಿಕ್ಕ ಮೌನ ಬಿಡುತ್ತಿದ್ದ. ಮಾಲೂರಿನಲ್ಲಿ ಅದೇಕೆಂದು ಯಾರಿಗೂ ಗೊತ್ತಿರಲಿಲ್ಲ.

ಇದನ್ನು ಬರೆಯುವ ಮೊದಲು, ರೂಢಿಯಂತೆ, ಕರೆಂಟು ಹೋದ ಸಮಯವನ್ನು ಖಚಿತಪಡಿಸಿಕೊಳ್ಳಲು ಹೊರಟೆ. ನನ್ನ ನೆನಪಿನಲ್ಲಿ ಅದು ಮಧ್ಯಾಹ್ನ ಮೂರರ ಸುಮಾರು. ತಮ್ಮನನ್ನು ಕೇಳಿದೆ. "ಹೌದಲ್ಲಕ್ಕ, ಕರೆಂಟ್ ಹೋಯ್ತು," ಎಂದು ಬೇರೆ ಮಾತು ತೆಗೆದ. ಪಾಲುದಾರನನ್ನು ನಂಗಲಿಯಲ್ಲಿ ಹುಡುಕಿ ಕೇಳಿದೆ. "ಕರೆಂಟ್ ಪೋಯಿಂದಿ ಅಕ್ಕಾ, ಚೆನ್ನಾಗಿ ಗ್ಯಾಪ್ಕ ಇದೆ," ಎಂದ. ಫ್ಯೂಸು ಸುಟ್ಟಿರಬಹುದೇ ಎಂದದ್ದಕ್ಕೆ, "ಸುಟ್ಟಿದ್ರೆ ನಾನೇ ಅಲ್ವಾ ಕಟ್ಬೇಕಿದ್ದದ್ದು? ಮಾರನೇ ದಿನ ಬಂದು ಸ್ವಿಚ್ ಹಾಕಿದ್ರೆ ಎಲ್ಲಾ ಸರೀಗೇ ಇತ್ತು," ಎಂದ. ಡೆಕ್ಕಿನ ಪಕ್ಕದ ಆ ಸ್ವಿಚ್ಚು ತಮ್ಮನ ಬಲಗೈಯ ಅಳತೆಯಲ್ಲೇ ಇದ್ದದ್ದು ನನಗೆ ಆಗ ನೆನಪಾಯಿತು. ಆ ಭಾಗಕ್ಕೆ ವಿದ್ಯುತ್ ಒದಗಿಸುತ್ತಿದ್ದ ಉಪಕೇಂದ್ರದ ಹಳೆಯ ದಿನವಹಿ, ನಾಶವಾಗಿರಬಹುದೆಂದುಕೊಂಡದ್ದು, ಎರಡನೆಯ ಸಲ ಹೋದಾಗ ನೋಡಲು ಸಿಕ್ಕಿತು. ೨೩-೫-೯೯ರ ಪುಟದಲ್ಲಿ ನೀಲಿ ಶಾಯಿಯಲ್ಲಿ ಗಂಟೆಗಂಟೆಗೂ ಗುರುತು ಹಾಕಲಾಗಿದೆ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಆ ಮಾರ್ಗದಲ್ಲಿ ಸರಬರಾಜು ಒಮ್ಮೆಯೂ ನಿಂತಿಲ್ಲ.